ಐದು ನಿಮಿಷ ದಾಟಿಸುವ ಎಪ್ಪತ್ತು ಅಕ್ಷರ

ಓದುಗರ ಪತ್ರ: ‘ಮಕ್ಕಳನ್ನು ಕೆಡಿಸುತ್ತಿರುವುದೇ ಮೊಬೈಲು. ಅದರಲ್ಲೇ ಮೆಸೇಜು ಕಳಿಸಿ ಸಿಗರೇಟು ಬಿಡಿಸುತ್ತಾರಂತೆ! ಬೇಕಾಗಿರುವುದು ಶಿಸ್ತು.’ – ಪ್ರೌಢಶಾಲಾ ಶಿಕ್ಷಕ, ಹಾಸನ

ಸಂಪಾದಕರ ಉತ್ತರ: ಮೇಷ್ಟ್ರೇ, ಮೊಬೈಲಿನ ಮೇಲೆ ನಿಮಗಿರುವ ಸಿಟ್ಟು ನ್ಯಾಯವಾದದ್ದೇ. ಆದರೆ ಸಂಜೆ ಟ್ಯೂಷನ್ ಬಿಟ್ಟು ಹುಡುಗ ಪೆಟ್ಟಿಗೆ ಅಂಗಡಿ ಕಡೆ ತಿರುಗುವ ಹೊತ್ತಿಗೆ ಅವನ ಪಕ್ಕದಲ್ಲಿ ನೀವಿರುವುದಿಲ್ಲ, ಫೋನಿರುತ್ತದೆ. ಸೇದಬೇಕೆನ್ನುವ ಎಳೆತ ಒಂದು ಸಲಕ್ಕೆ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ದಾಟಿಸಿದರೆ ಸಾಕು.

ಬ್ರಿಟನ್ನಿನಲ್ಲಿ 5,800 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು. ಮೊದಲ 5 ವಾರ ದಿನಕ್ಕೆ 5 ಮೆಸೇಜು, ಆಮೇಲೆ 26 ವಾರ ವಾರಕ್ಕೆ 3. ಆರು ತಿಂಗಳಿಗೆ ಬಿಟ್ಟವರು ನೂರಕ್ಕೆ 10.7, ಬಿಡಿಸುವ ಮೆಸೇಜು ಸಿಗದವರಲ್ಲಿ 4.9. ಅಮೆರಿಕದಲ್ಲಿ 13ರಿಂದ 17 ವಯಸ್ಸಿನ, ಇ-ಸಿಗರೇಟಿನ ಚಟ ಹತ್ತಿದ ಮಕ್ಕಳಲ್ಲೂ ಇಂಥದ್ದೇ ಪ್ರಯೋಗವಾಯಿತು. ಏಳು ತಿಂಗಳಿಗೆ ಬಿಟ್ಟವರು ಮೆಸೇಜು ಸಿಕ್ಕವರಲ್ಲಿ ನೂರಕ್ಕೆ 37.8, ಬಿಡಿಸುವ ಮೆಸೇಜು ಸಿಗದವರಲ್ಲಿ 28. ಪವಾಡವಲ್ಲ, ಖರ್ಚಿನ ಮುಂದೆ ದೊಡ್ಡದೇ.

ಕೆಡುವುದು ಬರೆಯುವಾಗ. ಕನ್ನಡದ ಎಸ್ಸೆಮ್ಮೆಸ್ಸಿಗೆ ಇರುವುದು 70 ಜಾಗ. ದಾಟಿದರೆ ಮೆಸೇಜು ತುಂಡಾಗುತ್ತದೆ. ‘ಟ್ಯೂಷನ್’ ಕಣ್ಣಿಗೆ ಮೂರಕ್ಷರ, ಫೋನಿನ ಲೆಕ್ಕಕ್ಕೆ ಏಳು; ಗುಣಿತ, ಅರ್ಧಾಕ್ಷರದ ಗುರುತಿಗೂ ಅದು ಒಂದೊಂದು ಜಾಗ ಹಿಡಿಯುತ್ತದೆ. ಇದನ್ನು ನೋಡಿ:

‘ಟ್ಯೂಷನ್ ಮುಗೀತಾ? ಅಂಗಡಿ ಕಡೆ ಹೋಗ್ಬೇಡ. ಐದು ನಿಮಿಷ ತಡಿ, ಆಸೆ ಇಳಿಯುತ್ತೆ.’

64ರಲ್ಲಿ ಮುಗಿಯಿತು. ಸಿಗರೇಟಿನ ಹೆಸರೇ ಇಲ್ಲ. ಅಪ್ಪ ಫೋನು ಎತ್ತಿ ನೋಡಿದರೂ ಹುಡುಗ ಸಿಕ್ಕಿಬೀಳುವುದಿಲ್ಲ, ಮರೆತು ಕೂತವನಿಗೆ ಅದರ ನೆನಪೂ ಆಗುವುದಿಲ್ಲ. ಟ್ಯೂಷನ್ ಏಳಕ್ಕೆ ಬಿಟ್ಟರೆ ಮೆಸೇಜು ಏಳಕ್ಕೆ ಐದು ನಿಮಿಷ ಇರುವಾಗ ಹೋಗಬೇಕು. ಎಂಟಕ್ಕೆ ಹೋದರೆ ದಂಡ. ಬಿಟ್ಟ ಮೊದಲ ಮೂರು ದಿನ ಸಿಡುಕು, ಚಡಪಡಿಕೆ ಜೋರು, ಆಗ ಹೆಚ್ಚು ಕಳಿಸಬೇಕು. ‘ಸೇದಿಬಿಟ್ಟೆ’ ಎಂದು ಅವನೇ ಬರೆದಾಗ ಉತ್ತರ ತಕ್ಷಣ ಹೋಗಬೇಕು, ಬೈಗುಳ ಇರಬಾರದು. ಬೈದರೆ ನಂಬರು ಬ್ಲಾಕು.

ನನಗೆ ಸಂಕಟವಾಗುವುದು ನಮ್ಮ ಆರೋಗ್ಯದ ಕನ್ನಡ ಕಂಡು. ಪ್ರತಿ ಮೇ 31ಕ್ಕೆ, ವಿಶ್ವ ತಂಬಾಕು ರಹಿತ ದಿನಕ್ಕೆ, ‘ಧೂಮಪಾನ ವರ್ಜಿಸಿ’ ಎಂಬ ಬ್ಯಾನರು. ಯಾವ ತಾಯಿ ಮಗನಿಗೆ ‘ವರ್ಜಿಸು’ ಅನ್ನುತ್ತಾಳೆ? ಕಾಯಿದೆಯೂ ಹಾಗೇ, ಕಾಗದದ ಮೇಲಷ್ಟೇ. ಕರ್ನಾಟಕದಲ್ಲಿ 21 ತುಂಬದವರಿಗೆ ಸಿಗರೇಟು ಮಾರುವಂತಿಲ್ಲ, ಬಿಡಿಯಾಗಿ ಯಾರಿಗೂ ಮಾರುವಂತಿಲ್ಲ. ನಿಮ್ಮ ಶಾಲೆಯ ಹತ್ತಿರದ ಅಂಗಡಿಯಲ್ಲಿ ಒಂದೇ ಒಂದು ಕೇಳಿ ನೋಡಿ, ಸಿಗುತ್ತದೆ. ಅಲ್ಲಿ ಬೇಕು ನೀವು ಹೇಳುವ ಶಿಸ್ತು.

ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಬರುವ ಮೇ 31ರ ಬ್ಯಾನರಿನಲ್ಲಿ ಈ ನಂಬರನ್ನೇ ದೊಡ್ಡದಾಗಿ ಬರೆಸಿ ಮೇಷ್ಟ್ರೇ.