ಹಿಮದಡಿ ಹೂತ ವಿಮಾನ ಮತ್ತೆ ಹಾರಬಲ್ಲದೆ?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಬಿದ್ದ ಯುದ್ಧವಿಮಾನಗಳನ್ನು ದಶಕಗಳ ನಂತರ ಹಿಮದಡಿಯಿಂದಲೋ ಕಡಲ ದಂಡೆಯಿಂದಲೋ ಎತ್ತಿ ಮತ್ತೆ ಹಾರಿಸಿದ್ದಾರೆಂದು ಓದಿದ್ದೇನೆ. ಅಷ್ಟು ಶಿಥಿಲವಾದ ಲೋಹ ಹಾರಾಟದ ಒತ್ತಡವನ್ನು ಹೇಗೆ ತಡೆಯುತ್ತದೆ? ಭಾಗಗಳನ್ನೆಲ್ಲ ಹೊಸದಾಗಿ ಮಾಡುವುದಾದರೆ ಅದನ್ನು ಹಳೆಯ ವಿಮಾನವೆಂದು ಕರೆಯುವುದು ಸರಿಯೆ?

ಉತ್ತರ: ವಿಮಾನ ಹೇಗೆ ಬಿತ್ತು ಎಂಬುದರಷ್ಟೇ, ಬಿದ್ದ ಮೇಲೆ ಎಲ್ಲಿ ಉಳಿದಿತ್ತು ಎಂಬುದೂ ಮುಖ್ಯ. ಆ ಕಾಲದ ಯುದ್ಧವಿಮಾನಗಳ ಮೈ ಬಹುಮಟ್ಟಿಗೆ ಸುಮಾರು ಶೇ. 4ರಷ್ಟು ತಾಮ್ರ ಬೆರೆತ ಅಲ್ಯುಮಿನಿಯಂ ಮಿಶ್ರಲೋಹದ್ದು. ತಾಮ್ರ ಅದಕ್ಕೆ ಬಲ ಕೊಡುತ್ತದೆ. ಆದರೆ ಉಪ್ಪುನೀರು ತಗುಲಿದಾಗ ಅದೇ ತಾಮ್ರದ ದೆಸೆಯಿಂದ ಲೋಹದ ಕಣಗಳ ಸಂದುಗಳಲ್ಲಿ ಸವೆತ ಹಬ್ಬಿ, ಹೊರಗೆ ಗಟ್ಟಿಯಾಗಿ ಕಾಣುವ ತಗಡು ನೀರಿನಲ್ಲಿ ನೆನೆದ ಪುಸ್ತಕದ ಹಾಗೆ ಪದರ ಪದರವಾಗಿ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಮೆಗ್ನೀಸಿಯಂ ಮಿಶ್ರಲೋಹದ ಭಾಗಗಳಂತೂ ಸಮುದ್ರದಲ್ಲಿ ಕರಗಿಯೇ ಹೋಗುತ್ತವೆ. ತಣ್ಣನೆಯ ಸಿಹಿನೀರಿನ ಆಳ, ಗಾಳಿಯಾಡದ ಜೌಗು ಮಣ್ಣು ಮತ್ತು ಹಿಮ ಲೋಹವನ್ನು ಇದಕ್ಕಿಂತ ಚೆನ್ನಾಗಿ ಕಾಪಾಡುತ್ತವೆ.

ಆದರೆ ಹಿಮಕ್ಕೆ ಭಾರವಿದೆ. 1942ರ ಜುಲೈನಲ್ಲಿ ಅಮೆರಿಕದ ಆರು ಪಿ-38 ಕಾದಾಟದ ವಿಮಾನಗಳು ಮತ್ತು ಎರಡು ಬಿ-17 ಬಾಂಬರ್‌ಗಳು ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ತುರ್ತಾಗಿ ಇಳಿದವು. ಸಿಬ್ಬಂದಿಯೆಲ್ಲ ಬದುಕಿ ಬಂದರು. ಐವತ್ತು ವರ್ಷಗಳ ನಂತರ, ಬಿಸಿ ಕೊಳವೆಗಳಿಂದ ಹಿಮ ಕರಗಿಸಿ ಬಾವಿ ತೋಡಿ, ಒಂದು ಪಿ-38 ವಿಮಾನವನ್ನು ಸುಮಾರು 82 ಮೀಟರ್ ಆಳದಿಂದ ಬಿಡಿಬಿಡಿಯಾಗಿ ಮೇಲೆತ್ತಿದರು. ಹಿಮದ ಒತ್ತಡಕ್ಕೆ ಅದರ ಮೈ ಜಜ್ಜಿಹೋಗಿತ್ತು. ‘ಗ್ಲೇಸಿಯರ್ ಗರ್ಲ್’ ಎಂದು ಹೆಸರಾದ ಅದು ಮತ್ತೆ ಹಾರಿದ್ದು 2002ರ ಅಕ್ಟೋಬರ್‌ನಲ್ಲಿ, ಹತ್ತು ವರ್ಷಗಳ ಕೆಲಸದ ಮೇಲೆ.

ಆ ಹತ್ತು ವರ್ಷ ಹಿಡಿಯುವುದು ಬಿಚ್ಚುವುದರಲ್ಲಿ ಮತ್ತು ಪರೀಕ್ಷಿಸುವುದರಲ್ಲಿ. ವಿಮಾನವನ್ನು, ತಗಡುಗಳನ್ನು ಬೆಸೆಯುವ ಮೊಳೆಯಾದ ರಿವೆಟ್‌ನ ಕೊನೆಯದರವರೆಗೆ ಕಳಚಿ, ಕಣ್ಣಿಗೆ ಕಾಣದ ಬಿರುಕುಗಳನ್ನು ಎಕ್ಸ್-ರೇ ಮೂಲಕವೋ ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವದಿಂದಲೋ ಹುಡುಕಬೇಕು. ರೆಕ್ಕೆಯ ಭಾರ ಹೊರುವ ಮುಖ್ಯ ದೂಲದಲ್ಲಿ ಸಂಶಯಕ್ಕೆ ಎಡೆಯಿದ್ದರೆ ಅದನ್ನು ಹೊಸದಾಗಿಯೇ ಮಾಡಬೇಕಾಗುತ್ತದೆ. ಹಾಗೆಂದು ಹಾರಲಾರದ ಹಳೆಯ ತುಂಡು ನಿರುಪಯುಕ್ತವಲ್ಲ. ಕಾರ್ಖಾನೆಯ ನಕ್ಷೆಗಳು ಕಳೆದುಹೋಗಿರುವೆಡೆ, ಅಳತೆಗೂ ಬಾಗಿಗೂ ರಿವೆಟ್ ರಂಧ್ರಗಳ ಅಂತರಕ್ಕೂ ಆ ಸುಕ್ಕುಗಟ್ಟಿದ ತಗಡೇ ಪ್ರಮಾಣ.

ನಿಮ್ಮ ಕೊನೆಯ ಪ್ರಶ್ನೆ ಈ ಕೆಲಸದ ನೈತಿಕ ತಿರುಳು. 1940ರ ಮೇ 24ರಂದು ಫ್ರಾನ್ಸಿನ ಕ್ಯಾಲೆ ಬಳಿಯ ಮರಳದಂಡೆಯಲ್ಲಿ ಇಳಿದ ‘ಪಿ9374’ ಸಂಖ್ಯೆಯ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನ, ನಲವತ್ತು ವರ್ಷ ಮರಳಿನಲ್ಲಿ ಹುದುಗಿದ್ದು 1980ರಲ್ಲಿ ಹೊರಗೆ ಕಂಡಿತು, 2011ರಲ್ಲಿ ಹಾರಿತು. ಅದರ ಮೈಯಲ್ಲಿ ಹೊಸ ಲೋಹ ಬಹಳ ಇದೆ. ಯುದ್ಧಕಾಲದಲ್ಲೂ ಇಂಥ ವಿಮಾನಗಳ ರೆಕ್ಕೆ, ಎಂಜಿನ್‌ಗಳನ್ನು ಬದಲಿಸುತ್ತಲೇ ಇದ್ದರಾದ್ದರಿಂದ, ಹಳೆಯ ಸಂಖ್ಯೆ ಮುಂದುವರಿಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಯಾವುದು ಹಳೆಯದು, ಯಾವುದು ಹೊಸದು ಎಂಬ ದಾಖಲೆಯನ್ನು ಬರೆದಿಟ್ಟು, ತೆಗೆದ ತುಂಡುಗಳನ್ನು ಉಳಿಸಿಕೊಳ್ಳದವರು ಆ ಸಂಖ್ಯೆಯನ್ನು ಬಳಸಬಾರದೆಂದೇ ನನ್ನ ದೃಢವಾದ ಅಭಿಪ್ರಾಯ. ಬಿಚ್ಚುವಿಕೆಯೇ ಒಂದು ಇತಿಹಾಸ ಸಂಶೋಧನೆ. 1943ರಲ್ಲಿ ಲೆನಿನ್‌ಗ್ರಾಡ್ ಬಳಿ ಇಳಿದು, 1989ರಲ್ಲಿ ಕಾಡಿನ ಮರಗಳ ನಡುವೆ ಪತ್ತೆಯಾದ ಜರ್ಮನಿಯ ಫೋಕೆ-ವುಲ್ಫ್ 190ರ ಎಂಜಿನ್ ಬಿಚ್ಚಿದಾಗ ಎಣ್ಣೆ ಹರಿಯುವ ದಾರಿಯಲ್ಲಿ ಬಟ್ಟೆಯ ಚೂರು ಸಿಕ್ಕಿತು. ಯಾರೋ ಬೇಕೆಂದೇ ತುರುಕಿರಬೇಕೆಂಬ ಶಂಕೆ ಅಲ್ಲಿಂದ ಹುಟ್ಟಿತು. ಅವಸರದಲ್ಲಿ ತೊಳೆದಿದ್ದರೆ ಆ ಸಾಕ್ಷ್ಯ ಉಳಿಯುತ್ತಿರಲಿಲ್ಲ.

ಪ್ರಶ್ನೆ: ಸಿಕ್ಕ ಅವಶೇಷಗಳನ್ನೆಲ್ಲ ಹಾರುವ ಸ್ಥಿತಿಗೆ ತರಲು ಏಕೆ ಪ್ರಯತ್ನಿಸಬಾರದು?

ಉತ್ತರ: ಹಾರಿಸುವ ಹಂಬಲಕ್ಕೆ ವಿಮಾನವೇ ಬಲಿಯಾಗಬಹುದು. 1947ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಇಳಿದ ‘ಕೀ ಬರ್ಡ್’ ಎಂಬ ಅಮೆರಿಕದ ಬಿ-29 ಬಾಂಬರ್, ಸುಮಾರಾಗಿ ಇಡಿಯಾಗಿಯೇ ಉಳಿದಿತ್ತು. ಅದನ್ನು ಸ್ಥಳದಲ್ಲೇ ದುರಸ್ತಿ ಮಾಡಿ 1995ರ ಮೇ ತಿಂಗಳಲ್ಲಿ ಹಾರಿಸಲು ಹೊರಟಾಗ, ನೆಲದ ಮೇಲೆ ಓಡುತ್ತಿರುವಂತೆಯೇ ಹಿಂಭಾಗಕ್ಕೆ ಬೆಂಕಿ ಹತ್ತಿ ಸುಟ್ಟುಹೋಯಿತು. ಐದು ದಶಕ ಚಳಿ ತಡೆದದ್ದು ಒಂದೇ ದಿನದಲ್ಲಿ ಹೋಯಿತೆಂಬ ನೋವು ನನಗೆ ಇಂದಿಗೂ ಇದೆ. ಇದಕ್ಕೆ ವಿರುದ್ಧವಾಗಿ, 2013ರಲ್ಲಿ ಇಂಗ್ಲಿಷ್ ಕಾಲುವೆಯ ತಳದಿಂದ ಎತ್ತಿದ ಜರ್ಮನ್ ಬಾಂಬರ್ ಡೋರ್ನಿಯರ್ 17ನ್ನು ಹಾರಿಸುವ ಯೋಚನೆಯನ್ನೇ ಮಾಡಲಿಲ್ಲ. ತೆಳುವಾದ ಸಿಟ್ರಿಕ್ ಆಮ್ಲದ ದ್ರಾವಣವನ್ನು ತಿಂಗಳುಗಟ್ಟಲೆ ಸಿಂಪಡಿಸಿ, ಉಪ್ಪನ್ನೂ ಕಡಲಜೀವಿಗಳ ಪೊರೆಯನ್ನೂ ಬಿಡಿಸಿ, ಇದ್ದಂತೆ ಉಳಿಸುವುದೇ ಗುರಿಯಾಗಿತ್ತು.

ಪ್ರಶ್ನೆ: ಸಿಕ್ಕವರಿಗೇ ವಿಮಾನ ಸೇರುತ್ತದೆಯೆ?

ಉತ್ತರ: ಇಲ್ಲ. ಬ್ರಿಟನ್ನಿನಲ್ಲಿ 1986ರ ಕಾಯಿದೆಯ ಪ್ರಕಾರ ಸೇನಾವಿಮಾನದ ಅವಶೇಷವನ್ನು ಅಗೆಯಲು ರಕ್ಷಣಾ ಸಚಿವಾಲಯದ ಪರವಾನಗಿ ಬೇಕು. ಅಮೆರಿಕದ ನೌಕಾಪಡೆಯು ತಾನು ಕಳೆದುಕೊಂಡ ವಿಮಾನಗಳು ಎಷ್ಟೇ ವರ್ಷವಾದರೂ ತನ್ನವೇ ಎನ್ನುತ್ತದೆ. ಒಳಗೆ ಸಿಬ್ಬಂದಿಯ ಮೃತಾವಶೇಷವಿರುವ ಸಾಧ್ಯತೆಯಿದ್ದರೆ, ಪರವಾನಗಿ ಸಿಗದಿರುವುದೇ ಹೆಚ್ಚು.