ಡಬ್ಬಿ ಹಾಲು ಈಗಲೇ ತಂದಿಡಲೇ?

ಪ್ರಶ್ನೆ: ನನಗೆ 28 ವರ್ಷ. ಚೊಚ್ಚಲ ಬಸಿರು, ಈಗ ಎಂಟು ತಿಂಗಳು. ಕುಬಸ ಮುಗಿಸಿಕೊಂಡು ಮುಂದಿನ ವಾರ ತವರಿಗೆ, ರಾಣೆಬೆನ್ನೂರಿಗೆ ಹೋಗುತ್ತಿದ್ದೇನೆ. ನನ್ನ ಅಕ್ಕನಿಗೆ ಸಿಸೇರಿಯನ್ ಆಗಿತ್ತು. ಮೂರನೇ ದಿನವೇ ಹಾಲು ಸಾಲದು ಎಂದು ಡಬ್ಬಿ ಹಾಲು ಶುರು ಮಾಡಿದರು. ತಿಂಗಳೊಳಗೆ ಅವಳ ಹಾಲು ನಿಂತೇ ಹೋಯಿತು. ಈಗಲೂ ಆ ಮಾತು ಬಂದರೆ ಅಳುತ್ತಾಳೆ. ನಮ್ಮತ್ತೆ 'ನಿಮ್ಮ ಮನೆ ಹೆಣ್ಣುಮಕ್ಕಳಿಗೆ ಹಾಲೇ ಇಳಿಯಲ್ಲ' ಎನ್ನುತ್ತಾರೆ. ಮೊದಲ ಹಾಲು ಹಿಂಡಿ ಚೆಲ್ಲಬೇಕು, ಜೇನುತುಪ್ಪದಲ್ಲಿ ಚಿನ್ನ ತೇಯ್ದು ಮಗುವಿಗೆ ನೆಕ್ಕಿಸಬೇಕು ಅಂತಲೂ ಹೇಳಿದ್ದಾರೆ. ಎದುರು ಮಾತಾಡಲು ಧೈರ್ಯವಿಲ್ಲ. ಡಬ್ಬಿ, ಬಾಟಲಿ ಈಗಲೇ ತಂದಿಟ್ಟುಕೊಳ್ಳಲೇ? ರಾತ್ರಿ ನಿದ್ದೆ ಬರುತ್ತಿಲ್ಲ.
- ಹೆಸರು ಬೇಡ, ದಾವಣಗೆರೆ

ಉತ್ತರ: ತರಬೇಡಿ. ಡಬ್ಬಿ ಹಾಲು ನಿಜವಾಗಿ ಬೇಕಾದ ಮಕ್ಕಳಿದ್ದಾರೆ, ಅಂಥವರ ಜೀವವನ್ನು ಅದು ಉಳಿಸಿದೆ. ಆದರೆ ಡಬ್ಬಿ ಕಪಾಟಿನಲ್ಲಿದ್ದರೆ ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಮನೆಯಲ್ಲಿ ಯಾರಾದರೊಬ್ಬರು ಅದನ್ನು ತೆಗೆದೇ ತೆಗೆಯುತ್ತಾರೆ. ಪಾಪ, ಅವರದೂ ಪ್ರೀತಿಯೇ. ನಮ್ಮ ಎಷ್ಟೋ ಹೆಣ್ಣುಮಕ್ಕಳ ಹಾಲು ನಿಂತಿದ್ದು ಹೀಗೆಯೇ.

ನಿಮ್ಮ ಅಕ್ಕನನ್ನು ನಾನು ನೋಡಿಲ್ಲ. ಆದರೂ 'ಮೂರನೇ ದಿನ' ಎಂದು ಓದಿದಾಗ ಮನಸ್ಸಿಗೆ ನೋವಾಯಿತು. ಸಾಮಾನ್ಯವಾಗಿ ಎದೆ ತುಂಬಿ ಹಾಲು ಇಳಿಯುವುದು ಹೆರಿಗೆಯಾದ ಎರಡರಿಂದ ಐದನೇ ದಿನದೊಳಗೆ. ಸಿಸೇರಿಯನ್ ಆದವರಿಗೆ ಸ್ವಲ್ಪ ತಡವೂ ಆಗಬಹುದು. ಅಲ್ಲಿಯವರೆಗೆ ಬರುವುದು ದಪ್ಪಗಿನ, ಹಳದಿ ಬಣ್ಣದ ಗಿಣ್ಣು ಹಾಲು. ಒಂದು ಸಲಕ್ಕೆ ಒಂದು ಚಮಚ, ಕೆಲವೊಮ್ಮೆ ಅದೂ ಇಲ್ಲ. ಹುಟ್ಟಿದ ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ರೋಗ ತಡೆಯುವ ಶಕ್ತಿ ತುಂಬಿರುವುದೂ ಅದರಲ್ಲೇ. ಅದನ್ನು ಒಂದು ಹನಿಯೂ ಚೆಲ್ಲಬೇಡಿ.

ಎದೆಹಾಲು ಒರತೆಯ ಹಾಗೆ, ತೆಗೆದಷ್ಟೂ ಊರುತ್ತದೆ. ಮಗು ಚೀಪಿದಷ್ಟೂ ಮೈ ಹಾಲು ಮಾಡುತ್ತದೆ. ಡಬ್ಬಿ ಹಾಲು ಕುಡಿದ ಮಗು ನಿದ್ದೆ ಹೋಗುತ್ತದೆ, ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಕಮ್ಮಿ. ಕಮ್ಮಿಯಾಯಿತು ಅಂತ ಇನ್ನೊಂದು ಬಾಟಲಿ. ನಿಮ್ಮ ಅಕ್ಕನಿಗೂ ಹೀಗೇ ಆಗಿರಬಹುದು. ಅದು ನಿಮ್ಮ ಮನೆತನಕ್ಕೆ ಅಂಟಿದ ಶಾಪವಲ್ಲ. ಥೈರಾಯ್ಡ್, ಪಿಸಿಓಡಿ, ಎದೆಗೆ ಆಪರೇಷನ್ ಆಗಿದ್ದು, ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದು, ಇಂಥ ಕಾರಣಕ್ಕೆ ಕೆಲವರಿಗೆ ಹಾಲು ಕಮ್ಮಿ ಬರುವುದುಂಟು. ನಿಮಗೆ ಇವುಗಳಲ್ಲಿ ಏನಾದರೂ ಇದ್ದರೆ ಡಾಕ್ಟರ್‌ಗೆ ಈಗಲೇ ಹೇಳಿ.

ನನ್ನದೊಂದು ಅನುಭವ ಹೇಳುತ್ತೇನೆ. ನನ್ನ ಮೊದಲ ಹೆರಿಗೆಯಾದ ಎರಡನೇ ರಾತ್ರಿ. ಮಗು ಬಿಟ್ಟೂ ಬಿಡದೆ ಅಳುತ್ತಿತ್ತು, ನನ್ನ ತೊಟ್ಟು ಒಡೆದು ರಕ್ತ ಬರುತ್ತಿತ್ತು. ಡ್ಯೂಟಿಯಲ್ಲಿದ್ದ ನರ್ಸ್ 'ಹಾಲಿಲ್ಲ, ಡಬ್ಬಿ ತರಿಸಿ' ಎಂದು ಹೇಳಿ ಹೊರಟುಹೋದರು. ನೆಲ ಒರೆಸುತ್ತಿದ್ದ ಆಯಾ ಒಬ್ಬರು ಕೈ ತೊಳೆದುಕೊಂಡು ಬಂದು ನನ್ನ ಮಂಚದ ಮೇಲೆ ಕೂತರು. ಮಗುವನ್ನು ಪೂರ್ತಿ ನನ್ನ ಕಡೆ ತಿರುಗಿಸಿ ಹೊಟ್ಟೆಗೆ ಹೊಟ್ಟೆ ತಾಗಿಸಿದರು. ತೊಟ್ಟಿನಿಂದ ಮಗುವಿನ ಮೇಲ್ತುಟಿ ಸವರಿ, 'ತಡೀರಿ ತಾಯಿ, ಅದು ಆ ಅಂತ ಬಾಯಿ ಬಿಡೋತನಕ ತಡೀರಿ' ಅಂದರು. ಬಾಯಿ ದೊಡ್ಡದಾಗಿ ತೆರೆದ ತಕ್ಷಣ ಮಗುವನ್ನು ಎದೆಗೆ ಒತ್ತಿದರು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ಗದ್ದ ಎದೆಗೆ ತಾಗಿತ್ತು, ಕೆಳತುಟಿ ಹೊರಗೆ ಮಡಚಿತ್ತು. ಸ್ವಲ್ಪ ಹೊತ್ತಿಗೆ 'ಗುಟುಕ್' ಎಂದು ನುಂಗುವ ಸದ್ದು ಕೇಳಿತು. ನೋವೂ ಇಳಿಯಿತು. ಇಷ್ಟು ತೋರಿಸಲು ಅವರಿಗೆ ಹಿಡಿದದ್ದು ಐದು ನಿಮಿಷ.

ಆದ್ದರಿಂದ ನೀವು ಈಗ ಹುಡುಕಬೇಕಾದದ್ದು ಡಬ್ಬಿಯನ್ನಲ್ಲ, ಅಂಥ ಒಬ್ಬರನ್ನು. ಮೊದಲ ಮೂರು ದಿನ ನಿಮ್ಮ ಪಕ್ಕ ಕೂತು, ಮಗು ಹಾಲು ಕುಡಿಯುವುದನ್ನು ಕಣ್ಣಾರೆ ನೋಡಿ ತಿದ್ದುವವರು ಬೇಕು. ತವರಿಗೆ ಹೋದ ಕೂಡಲೇ ಹೆರಿಗೆ ಆಸ್ಪತ್ರೆಯಲ್ಲಿ ಕೇಳಿ: ಹಾಲು ಕುಡಿಸೋದು ಕಲಿಸಿಕೊಡುವವರು ಇಲ್ಲಿ ಯಾರಿದ್ದಾರೆ? ಸಿಸೇರಿಯನ್ ಆದರೆ ಮಗುವನ್ನು ಎಷ್ಟು ಹೊತ್ತಿಗೆ ಕೊಡ್ತೀರಿ? ಹುಟ್ಟಿ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಹಾಗಾಗಿ ಕೇಳಲು ಸಂಕೋಚ ಬೇಡ. 'ನಮ್ಮನ್ನು ಕೇಳದೆ ಬೇರೆ ಹಾಲು ಕೊಡಬೇಡಿ' ಅಂತ ಹೇಳುವ ಕೆಲಸ ನಿಮ್ಮ ಯಜಮಾನರದ್ದು. ಆ ಹೊತ್ತಿಗೆ ನಿಮಗೆ ಮಾತಾಡುವ ತ್ರಾಣ ಇರುವುದಿಲ್ಲ. ಸಿಸೇರಿಯನ್ ಆದರೂ ಮಲಗಿಕೊಂಡೇ ಕುಡಿಸಬಹುದು. ಮಗುವನ್ನು ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಬರುವಂತೆ ಹಿಡಿದರೆ ಹೊಲಿಗೆಗೂ ತಾಗುವುದಿಲ್ಲ.

ಆಶಾ ಕಾರ್ಯಕರ್ತೆಯನ್ನು ಮರೆಯಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗಳಿಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು ಎಂಬ ನಿಯಮವಿದೆ. ನೀವು ತವರಿನಲ್ಲಿ ಇರುವುದರಿಂದ ಅಲ್ಲಿಯ ಆಶಾಗೆ ನಿಮ್ಮ ಸುದ್ದಿಯೇ ಗೊತ್ತಿರುವುದಿಲ್ಲ. ತಾಯಿ ಕಾರ್ಡ್ ಹಿಡಿದುಕೊಂಡು ಹೋಗಿ ಹೆಸರು ಬರೆಸಿ ಬನ್ನಿ.

ಇನ್ನು ಅತ್ತೆಯವರ ವಿಷಯ. ಎದುರು ಮಾತಾಡಬೇಕಾಗಿಯೇ ಇಲ್ಲ. ತವರಿಗೆ ಹೊರಡುವ ಮುಂಚಿನ ಚೆಕಪ್‌ಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಗಿಣ್ಣು ಹಾಲಿನ ಬಗ್ಗೆ, ಜೇನುತುಪ್ಪದ ಬಗ್ಗೆ ಅವರೆದುರಿಗೇ ಡಾಕ್ಟರನ್ನು ಕೇಳಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಮಗುವಿನ ಹೊಟ್ಟೆಯಲ್ಲಿ ಬೆಳೆದು ವಿಷವಾಗುತ್ತದೆ. ಬೊಟುಲಿಸಂ ಎಂಬ ಆ ಕಾಯಿಲೆ ಉಸಿರಾಟಕ್ಕೇ ಕುತ್ತು ತರಬಲ್ಲದು. ಸೊಸೆ ಹೇಳಿದ್ದಕ್ಕಿಂತ ಡಾಕ್ಟರ್ ಹೇಳಿದ ಮಾತು ಬೇಗ ಹಿಡಿಸುತ್ತದೆ, ಅಲ್ವಾ? ಶಾಸ್ತ್ರ ಬಿಡಲು ಮನಸ್ಸು ಬಾರದಿದ್ದರೆ ಚಿನ್ನದ ಉಂಗುರವನ್ನು ಮಗುವಿನ ಹಣೆಗೆ ಮುಟ್ಟಿಸಲಿ, ಬಾಯಿಗೆ ಬೇಡ. ಬಂದಾಗ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗಿಸುವ ಕೆಲಸ ಅವರಿಗೇ ಬಿಡಿ. ಮೊಮ್ಮಗುವಿನ ಕೆಲಸ ಕೈಗೆ ಬಂದರೆ ಮನಸ್ಸೂ ಮೆತ್ತಗಾಗುತ್ತದೆ.

ಬಾಣಂತನದ ಅಡುಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಧಾರಾಳವಾಗಿ ತಿನ್ನಿ. ಆದರೆ 'ಬಾಣಂತಿ ನೀರು ಕುಡಿಯಬಾರದು' ಅನ್ನುವುದನ್ನು ಮಾತ್ರ ಕೇಳಬೇಡಿ. ಕುಡಿಸಲು ಕೂತಾಗೆಲ್ಲ ಪಕ್ಕದಲ್ಲಿ ಒಂದು ಚೊಂಬು ನೀರಿರಲಿ.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಎಂಬುದನ್ನು ಅಳುವಿನಿಂದ ಅಳೆಯಬೇಡಿ. ಮಗು ನೂರು ಕಾರಣಕ್ಕೆ ಅಳುತ್ತದೆ. ಒದ್ದೆ ಬಟ್ಟೆ ಎಣಿಸಿ. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗಬೇಕು, ಕಪ್ಪಗಿದ್ದ ಮಲ ಹಳದಿಗೆ ತಿರುಗಿರಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿದರೆ ಸರಿ. ರಾತ್ರಿಯೂ ಸೇರಿ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿ. ಹಾಲು ಹೆಚ್ಚಿಸುವ ಹಾರ್ಮೋನ್ ರಾತ್ರಿಯಲ್ಲೇ ಜಾಸ್ತಿ. ಉಚ್ಚೆ ಕಮ್ಮಿಯಾದರೆ, ಎಬ್ಬಿಸಿದರೂ ಕುಡಿಯದೆ ಮಂಕಾಗಿ ಮಲಗಿದರೆ, ಮೈ ಹಳದಿ ಏರುತ್ತಾ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ನಿಮ್ಮ ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೂ ಅಷ್ಟೇ.

ಚೀಪಲು ಆಗದಿದ್ದರೆ ನಿಮ್ಮ ಹಾಲನ್ನೇ ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಿ. ಬಾಟಲಿಗಿಂತ ತೊಳೆಯುವುದು ಸುಲಭ, ಮಗು ಎದೆಗೆ ಬರುವುದನ್ನೂ ಮರೆಯುವುದಿಲ್ಲ. ನಿಮ್ಮ ತಾಯಿಯ ಅಟ್ಟದಲ್ಲಿ ನೀವೇ ಕುಡಿದ ಒಳಲೆ ಇರಬಹುದು, ಹುಡುಕಿಸಿ, ಕುದಿಸಿ ಚೀಲಕ್ಕೆ ಹಾಕಿಕೊಳ್ಳಿ. ಇಷ್ಟೆಲ್ಲ ಮಾಡಿಯೂ ಡಾಕ್ಟರ್ ತೂಕ ನೋಡಿ 'ಬೇರೆ ಹಾಲು ಬೇಕು' ಎಂದರೆ ಕೊಡಿ. ಜೊತೆಗೆ ಎದೆಗೂ ಹಾಕುತ್ತಿರಿ. ಆಗ ನೀವು ತಪ್ಪಿತಸ್ಥೆ ಅಂತ ಅಂದುಕೊಳ್ಳಬೇಡಿ.

ಹೆರಿಗೆಯಾಗಿ ಎರಡು ವಾರ ಕಳೆದರೂ ನಿಮ್ಮ ಅಳು ನಿಲ್ಲದಿದ್ದರೆ, ಏನೂ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಒಂದು ವಿನಂತಿ. ಅಕ್ಕನನ್ನು ಒಂದೆರಡು ದಿನ ಜೊತೆಗೆ ಇರಲು ಕರೆಯಿರಿ. ಅಂದು ಅವರ ಪಕ್ಕ ಯಾರೂ ಕೂತಿರಲಿಲ್ಲವೇನೋ. ಹೊಟ್ಟೆಗೆ ಹೊಟ್ಟೆ ತಾಗಿದೆಯೇ, ಬಾಯಿ ದೊಡ್ಡದಾಗಿ ತೆರೆದಿದೆಯೇ ಎಂದು ಅವರೇ ನೋಡಲಿ. ಮಗು ಬಂದ ಮೇಲೆ ಇಬ್ಬರೂ ಹೇಗಿದ್ದೀರಿ ಅಂತ ಎರಡು ಸಾಲು ಬರೆಯಿರಿ.