ನಾಲ್ಕು ಗೋಡೆ ಎಲ್ಲಿತ್ತು?

ನಮಸ್ಕಾರ. ಮಧ್ಯಕಾಲದ ಇಂಗ್ಲಿಷ್ ಕಾವ್ಯದಲ್ಲಿ ಹೆಣ್ಣಿನ ಬದುಕು ಹೇಗೆ ಕಾಣುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಓದಿಕೊಂಡು ಬರೆದಿದ್ದೀರಿ, ಭಾಷೆಯೂ ಚೆನ್ನಾಗಿದೆ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟೇ ಬಂತು.

'ಆ ಕಾಲದ ಹೆಣ್ಣು ನಾಲ್ಕು ಗೋಡೆಗಳ ನಡುವೆ ಬಂದಿಯಾಗಿದ್ದಳು' ಎಂದು ಬರೆದಿದ್ದೀರಿ. ಅದರ ಕೆಳಗೇ 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ 'ಕ್ಯಾಂಟರ್ಬರಿ ಕಥೆಗಳ' ಆಲಿಸನ್ ಬರುತ್ತಾಳೆ, ಬಾತ್ ಊರಿನವಳು. ಮೂರು ಸಲ ಜೆರುಸಲೇಂ ಯಾತ್ರೆ ಮಾಡಿದವಳು. ರೋಮ್, ಕಲೋನ್ ಬೇರೆ. ಯಾವ ಗೋಡೆ ಇದು?

'ಐದು ಮದುವೆಯಾದ ದಿಟ್ಟೆ' ಅಂತೀರಿ. ಮೊದಲ ಮದುವೆಯಲ್ಲಿ ಅವಳಿಗೆ 12 ವರ್ಷ. ಅದನ್ನು ಯಾಕೆ ಬಿಟ್ಟಿರಿ? 'ಸ್ವಲ್ಪ ಕಿವುಡಿ' ಎಂದು ಬರೆದು ಮುಂದೆ ಹೋಗಿದ್ದೀರಿ. ಕಿವಿ ಸುಮ್ನೆ ಕೆಟ್ಟಿತೇ? ಐದನೇ ಗಂಡ ಜಾಂಕಿನ್ ಓದಿದವನು. ಕೆಟ್ಟ ಹೆಂಡತಿಯರ ಕಥೆಗಳ ಪುಸ್ತಕ ಹಿಡಿದು ಹಗಲೂ ರಾತ್ರಿ ಓದುತ್ತಾನೆ. ಇವಳು ಹಾಳೆ ಕಿತ್ತಳು, ಅವನು ತಲೆಗೆ ಹೊಡೆದ. ಮನುಷ್ಯ ಸಿಂಹವನ್ನು ಸೋಲಿಸುವ ಚಿತ್ರ ಬರೆದವರು ಯಾರು ಹೇಳಿ, ಸಿಂಹವೇ, ಎಂದು ಕೇಳುವವಳೂ ಇವಳೇ. ಹೆಂಗಸರು ಕಥೆ ಬರೆದಿದ್ದರೆ ಗಂಡಸರ ಬಂಡವಾಳ ಹೊರಗೆ ಬರುತ್ತಿತ್ತು ಎನ್ನುತ್ತಾಳೆ. ಅದನ್ನೂ ಅವಳ ಬಾಯಲ್ಲಿ ಹೇಳಿಸಿದವನು ಗಂಡಸೇ ಅಲ್ವಾ? ನೀವು ನಿಲ್ಲಬೇಕಿದ್ದ ಜಾಗ ಅದು.

ಇನ್ನು 'ಶೋಷಣೆ'. ಏಳು ಸಲ ಇದೆ. ಹೆಂಗಸರ ಕೆಲಸ ಒಂದು ಸಲವೂ ಇಲ್ಲ. ಬಟ್ಟೆ ನೇಯುವುದರಲ್ಲಿ ಆಲಿಸನ್ ಬಟ್ಟೆಗೆ ಹೆಸರಾದ ಈಪ್ರ್, ಗೆಂಟ್ ಊರುಗಳ ನೇಕಾರರನ್ನೂ ಮೀರಿಸಿದವಳು ಎನ್ನುತ್ತಾನೆ ಚಾಸರ್. 1374ರಿಂದ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಲೆಕ್ಕ ನೋಡಿದವನು ಅವನು. ಅದೇ ಕಾಲದ ಲ್ಯಾಂಗ್ಲೆಂಡ್‌ನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ ಗುಡಿಸಲ ಹೆಂಗಸರು ಬರುತ್ತಾರೆ. ನೂತು ಉಳಿಸಿದ ಕಾಸು ಬಾಡಿಗೆಗೆ, ಮಕ್ಕಳ ಗಂಜಿಯ ಹಾಲಿಗೆ, ಹಿಟ್ಟಿಗೆ. ಚಳಿಗಾಲದ ರಾತ್ರಿ ನಿದ್ದೆಗೆಟ್ಟು ತೊಟ್ಟಿಲು ತೂಗಬೇಕು, ಉಣ್ಣೆ ಬಾಚಬೇಕು, ತೇಪೆ ಹಾಕಬೇಕು, ಒಗೆಯಬೇಕು. ಇವರು ನಿಮ್ಮ ಲೇಖನಕ್ಕೆ ಬರಲೇ ಇಲ್ಲ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಬೀಡಿ ಕಟ್ಟುವ ಹೆಂಗಸರ ಬಗ್ಗೆ ಯಾರು ಬರೆದು ಕೊಟ್ಟರೂ ಅಲ್ಲಿನ ಹಿರಿಯರೊಬ್ಬರು, 'ಕಣ್ಣೀರು ಆಮೇಲೆ. ಸಾವಿರಕ್ಕೆ ಕೂಲಿ ಎಷ್ಟು? ಎಲೆ ಕತ್ತರಿಸೋದು ಯಾರು?' ಎನ್ನುತ್ತಿದ್ದರು. ಉತ್ತರ ಇಲ್ಲದಿದ್ದರೆ ಹಾಳೆ ವಾಪಸ್. ಎದುರಿಗೆ ಟೀ ಕುಡಿಯುತ್ತಾ ಕೂತಿರುತ್ತಿದ್ದರು, ನಮಗೆ ಕೊಡುತ್ತಿರಲಿಲ್ಲ.

ಚಾಸರ್‌ನ ಇನ್ನೊಂದು ಕಥೆಯಲ್ಲಿ ಗಂಡ ಏನು ಮಾಡಿದರೂ ಸಹಿಸುವ ಗ್ರಿಸೆಲ್ಡಾ, ಅವಳ ಭಾಗ ಪೂರ್ತಿ ತೆಗೆಯಿರಿ. ಆಲಿಸನ್, ಗುಡಿಸಲ ಹೆಂಗಸರು, ಇಷ್ಟೇ ಇರಲಿ. ಆರು ಪುಟ ಜಾಸ್ತಿ, ಮೂರರಲ್ಲಿ ಮುಗಿಸಿ ಕಳಿಸಿ. 'ಶೋಷಣೆ' ಒಂದು ಸಲ ಇದ್ದರೆ ನನ್ನ ತಕರಾರಿಲ್ಲ.